ಓದುಗರ ಪ್ರಶ್ನೆ: ಗೋಲು ಹೊಡೆಯದವನ ಆಟ

ಈ ಸಲ ಬಂದ ಪತ್ರಗಳಲ್ಲಿ ಫುಟ್‌ಬಾಲ್ ಕುರಿತವೇ ಹೆಚ್ಚು, ಅವುಗಳಲ್ಲಿಯೂ ಬೆಳಗಾವಿ ಜಿಲ್ಲೆಯವೇ ಹೆಚ್ಚು. ಘಟ್ಟ ಇಳಿದರೆ ಗೋವೆ, ಊರೊಳಗೆ ದಂಡಿನ ಬಿಡಾರ, ಮಿಷನ್ ಶಾಲೆಗಳ ವಿಶಾಲ ಮೈದಾನಗಳು ಇರುವ ಈ ಊರಿಗೆ ಕಾಲ್ಚೆಂಡಿನ ನಂಟು ತಲೆಮಾರುಗಳದ್ದು. ಪತ್ರಗಳನ್ನು ಒಟ್ಟಿಗೆ ಓದಿದಾಗ ಬಹುಪಾಲು ಪ್ರಶ್ನೆಗಳು ರಕ್ಷಕರಿಗೂ ಮುಂಚೂಣಿಯವರಿಗೂ ನಡುವೆ ಆಡುವ ಮಿಡ್‌ಫೀಲ್ಡರ್ ಎಂಬ ಒಂದೇ ಸ್ಥಾನದ ಸುತ್ತ ಇರುವುದು ಕಂಡುಬಂದದ್ದರಿಂದ, ಉಳಿದ ಆಟಗಳ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಲ್ಲಿ ಅವುಗಳಿಗಷ್ಟೇ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗ ಎಂಟನೆಯ ತರಗತಿಯಲ್ಲಿದ್ದಾನೆ. ದಿನಾ ಸಂಜೆ ಲೇಲೆ ಮೈದಾನದಲ್ಲಿ ಆಡುತ್ತಾನೆ, ಮಿಡ್‌ಫೀಲ್ಡ್ ಅವನ ಜಾಗ. ಇತ್ತೀಚೆಗೆ ಒಂದು ಆಯ್ಕೆ ಶಿಬಿರಕ್ಕೆ ಹೋಗಿದ್ದಾಗ ‘ಆಟ ಚೆನ್ನಾಗಿದೆ, ಆದರೆ ಮೈಯಿಲ್ಲ, ಎರಡು ವರ್ಷ ಬಿಟ್ಟು ಬಾ’ ಎಂದು ಹೇಳಿ ಕಳುಹಿಸಿದರು. ಮನೆಗೆ ಬಂದ ನೆಂಟರೆಲ್ಲ ‘ಎಷ್ಟು ಗೋಲು ಹೊಡೆದಿ?’ ಎಂದೇ ಕೇಳುತ್ತಾರೆ. ಅವನು ಏನೂ ಹೇಳದೆ ಒಳಗೆ ಹೋಗಿಬಿಡುತ್ತಾನೆ. ಸಣ್ಣ ಮೈಕಟ್ಟಿನ ಹುಡುಗನಿಗೆ ಈ ಆಟದಲ್ಲಿ ಮುಂದೆ ದಾರಿಯಿದೆಯೇ?
(ಒಬ್ಬ ತಾಯಿ, ಟಿಳಕವಾಡಿ, ಬೆಳಗಾವಿ)

ಉತ್ತರ: ತಾಯಿ, ‘ಇದೆ’ ಎಂದಷ್ಟೇ ಬರೆದರೆ ಅದು ಬರಿಯ ಸಮಾಧಾನದ ಮಾತಾದೀತು. ಆದ್ದರಿಂದ ಒಬ್ಬ ಮಿಡ್‌ಫೀಲ್ಡರ್‌ನ ವೃತ್ತಿಜೀವನವನ್ನು ಮೊದಲಿನಿಂದ ಹೇಳುತ್ತೇನೆ. ದಯವಿಟ್ಟು ಇದನ್ನು ನಿಮ್ಮ ಮಗನ ಮುಂದೆ ಓದಿ.

ಲೂಕಾ ಮೋಡ್ರಿಚ್ ಹುಟ್ಟಿದ್ದು 1985ರ ಸೆಪ್ಟೆಂಬರ್ 9ರಂದು, ಕ್ರೊವೇಷ್ಯಾದ ಕಡಲತೀರದ ಊರಾದ ಝಡಾರ್‌ನಲ್ಲಿ. ಹುಡುಗನಿಗೆ ಆರು ವರ್ಷವಾಗುವ ಹೊತ್ತಿಗೆ ಯುಗೊಸ್ಲಾವಿಯಾ ಒಡೆದು ಯುದ್ಧ ಶುರುವಾಗಿತ್ತು. 1991ರ ಡಿಸೆಂಬರ್‌ನಲ್ಲಿ, ಯಾರ ಹೆಸರನ್ನು ಅವನಿಗೆ ಇಟ್ಟಿದ್ದರೋ ಆ ಅಜ್ಜನನ್ನೇ ಕೊಂದರು. ಮನೆ ಸುಟ್ಟುಹೋಯಿತು. ತಂದೆ ಸೇನೆಗೆ ಸೇರಿದರು, ಕುಟುಂಬ ಝಡಾರ್‌ನ ಹೋಟೆಲೊಂದರಲ್ಲಿ ನಿರಾಶ್ರಿತರ ಜೊತೆ ವರ್ಷಗಟ್ಟಲೆ ದಿನ ದೂಡಿತು. ಆ ಹೋಟೆಲಿನ ವಾಹನ ನಿಲ್ಲಿಸುವ ಜಾಗವೇ ಹುಡುಗನ ಮೊದಲ ಮೈದಾನವಾಯಿತು. ಅವನ ಕಾಲಿಗೆ ಚೆಂಡು ಅಂಟಿಕೊಂಡಂತೆ ಇರುವುದನ್ನು ಕಂಡವರು ಊರಿನ ಕ್ಲಬ್‌ಗೆ ಸುದ್ದಿ ಮುಟ್ಟಿಸಿದರು, ಕ್ಲಬ್ ಅವನನ್ನು ಸೇರಿಸಿಕೊಂಡಿತು.

ಅಲ್ಲಿಂದ ಅವನು ಆ ಭಾಗದ ದೊಡ್ಡ ಕ್ಲಬ್ಬಾದ ಹಾಯ್ದುಕ್ ಸ್ಪ್ಲಿಟ್‌ನ ಆಯ್ಕೆಗೆ ಹೋದ. ಅವರು ಹೇಳಿದ್ದು ನಿಮ್ಮ ಮಗನಿಗೆ ಹೇಳಿದ ಮಾತನ್ನೇ: ತೀರ ಸಣ್ಣವನು, ಬಲ ಸಾಲದು. ಹುಡುಗ ಆಟ ಬಿಡುವ ಮಟ್ಟಕ್ಕೆ ಕುಗ್ಗಿಹೋಗಿದ್ದ ಆ ಹೊತ್ತಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದವರು ಝಡಾರ್ ಕ್ಲಬ್‌ನ ಹಿರಿಯ ತರಬೇತುದಾರ ತೊಮಿಸ್ಲಾವ್ ಬಾಶಿಚ್. ಅವರು ಬೇರೆ ಕ್ಲಬ್‌ನ ಬಾಗಿಲು ತಟ್ಟಿದ್ದರಿಂದಲೇ ಹದಿನಾರರ ಹೊತ್ತಿಗೆ ಹುಡುಗ ಡೈನಮೊ ಝಾಗ್ರೆಬ್ ಸೇರಿದ. ಅಲ್ಲಿಯೂ ನೇರವಾಗಿ ಮೊದಲ ತಂಡಕ್ಕೆ ತೆಗೆದುಕೊಳ್ಳಲಿಲ್ಲ. 2003ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ನೆರೆಯ ಬೋಸ್ನಿಯಾದ ಝ್ರಿನ್ಸ್ಕಿ ಮೊಸ್ತಾರ್ ಎಂಬ ಕ್ಲಬ್‌ಗೆ ಒಂದು ಋತುವಿನ ಮಟ್ಟಿಗೆ ಎರವಲು ಕೊಟ್ಟು ಕಳುಹಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ದೃಷ್ಟಿಯಲ್ಲಿ ಅವರ ವೃತ್ತಿಜೀವನದ ಬುನಾದಿ ಬಿದ್ದದ್ದು ಈ ಒಂದು ವರ್ಷದಲ್ಲಿ. ಬೋಸ್ನಿಯಾದ ಲೀಗ್ ಆಗ ಒರಟು ಆಟಕ್ಕೆ ಹೆಸರಾಗಿತ್ತು. ಮೈದಾನಗಳು ಉಬ್ಬುತಗ್ಗು, ಎದುರಾಳಿಗಳು ಚೆಂಡಿಗಿಂತ ಮೊದಲು ಕಾಲಿಗೇ ಬರುವವರು. ಬಲವಿಲ್ಲದ ಹುಡುಗನಿಗೆ ಅಲ್ಲಿ ಉಳಿಯಲು ಇದ್ದದ್ದು ಒಂದೇ ಉಪಾಯ: ಒದೆತ ಬರುವ ಮೊದಲೇ ಆ ಜಾಗ ಬಿಟ್ಟಿರಬೇಕು, ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂಬುದು ತೀರ್ಮಾನವಾಗಿರಬೇಕು. ಹುಡುಗ ಅದನ್ನು ಕಲಿತ, ಆ ಋತುವಿನ ಕೊನೆಗೆ ಅಲ್ಲಿನ ಲೀಗ್‌ನ ಶ್ರೇಷ್ಠ ಆಟಗಾರನೆಂಬ ಗೌರವಕ್ಕೆ ಪಾತ್ರನಾದ. ಮರುವರ್ಷ ಇಂಟರ್ ಝಾಪ್ರೆಶಿಚ್ ಎಂಬ ಸಣ್ಣ ಕ್ಲಬ್‌ಗೆ ಮತ್ತೆ ಎರವಲು. ಆ ತಂಡ ಕ್ರೊವೇಷ್ಯಾದ ಲೀಗ್‌ನಲ್ಲಿ ಎರಡನೆಯ ಸ್ಥಾನಕ್ಕೇರಿತು. 2005ರಲ್ಲಿ ಡೈನಮೊ ಹತ್ತು ವರ್ಷಗಳ ಒಪ್ಪಂದ ಮುಂದಿಟ್ಟಿತು. ಅದರಿಂದ ಬಂದ ಹಣದಲ್ಲಿ ಮೋಡ್ರಿಚ್ ತಂದೆತಾಯಿಗೆ ಝಡಾರ್‌ನಲ್ಲಿ ಮನೆ ಕೊಂಡುಕೊಟ್ಟರು.

ಮುಂದಿನದು ಜಗತ್ತಿಗೆ ಗೊತ್ತಿರುವ ಕಥೆ, ಆದರೂ ಅದರಲ್ಲಿ ಜನ ಮರೆತ ಭಾಗಗಳಿವೆ. ಡೈನಮೊಗೆ ಸತತ ಮೂರು ಲೀಗ್ ಪ್ರಶಸ್ತಿ ಗೆಲ್ಲಿಸಿ 2008ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಸೇರಿದಾಗ, ಇಷ್ಟು ತೆಳ್ಳಗಿನವನು ಇಲ್ಲಿ ಬಾಳಲಾರ ಎಂಬ ಅನುಮಾನ ಅಲ್ಲಿಯೂ ಎದ್ದಿತು. 2009ರ ಆಗಸ್ಟ್‌ನಲ್ಲಿ ಕಾಲಿನ ಮೂಳೆ ಮುರಿದು ತಿಂಗಳುಗಟ್ಟಲೆ ಹೊರಗುಳಿದರು. 2012ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೆ ಹೋದ ಮೊದಲ ತಿಂಗಳುಗಳಲ್ಲಿ ಹೆಚ್ಚಾಗಿ ಬೆಂಚಿನ ಮೇಲೇ ಕೂತರು. ಅಲ್ಲಿನ ಕ್ರೀಡಾಪತ್ರಿಕೆಯೊಂದು ನಡೆಸಿದ ಓದುಗರ ಮತದಾನದಲ್ಲಿ ಆ ಋತುವಿನ ಅತ್ಯಂತ ಕೆಟ್ಟ ಖರೀದಿ ಎಂಬ ಪಟ್ಟ ಅವರಿಗೇ ಬಂತು. ಅಂಥ ಆಟಗಾರ ಆ ಕ್ಲಬ್ಬಿನಲ್ಲಿ ಹದಿಮೂರು ಋತು ಆಡಿ, ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗನ್ನು ಆರು ಸಲ ಗೆದ್ದದ್ದೂ ಸೇರಿ 28 ಪ್ರಶಸ್ತಿಗಳನ್ನು ಗೆದ್ದರು. ಕ್ಲಬ್ಬಿನ ಇತಿಹಾಸದಲ್ಲಿ ಇನ್ನಾರೂ ಅಷ್ಟು ಪ್ರಶಸ್ತಿ ಗೆದ್ದಿಲ್ಲ.

ಈಗ ನಿಮ್ಮ ನೆಂಟರ ಪ್ರಶ್ನೆಗೆ ಬರೋಣ. ರಿಯಲ್ ಮ್ಯಾಡ್ರಿಡ್ ಪರವಾಗಿ ಮೋಡ್ರಿಚ್ ಆಡಿದ ಪಂದ್ಯಗಳು 597, ಹೊಡೆದ ಗೋಲುಗಳು 43. ಎಂದರೆ ಹದಿಮೂರು ಹದಿನಾಲ್ಕು ಪಂದ್ಯಗಳಿಗೆ ಒಂದು ಗೋಲು. ಅವರೊಡನೆ ಆಡಿದ ಕ್ರಿಸ್ಟಿಯಾನೊ ರೊನಾಲ್ಡೊ ಅದೇ ಕ್ಲಬ್‌ಗೆ 438 ಪಂದ್ಯಗಳಲ್ಲಿ 450 ಗೋಲು ಹೊಡೆದರು. ಗೋಲಿನ ಲೆಕ್ಕವೊಂದೇ ಅಳತೆಯಾಗಿದ್ದರೆ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳುವಂತೆಯೇ ಇರಲಿಲ್ಲ. ಆದರೆ 2018ರಲ್ಲಿ ಜಗತ್ತಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಮೋಡ್ರಿಚ್ ಅವರಿಗೆ ಸಂದಿತು. 2008ರಿಂದ ಹತ್ತು ವರ್ಷ ಆ ಪ್ರಶಸ್ತಿ ರೊನಾಲ್ಡೊ ಮತ್ತು ಮೆಸ್ಸಿ ಇಬ್ಬರ ಕೈ ಬಿಟ್ಟು ಹೋಗಿರಲಿಲ್ಲ.

2014ರ ಮೇ 24ರಂದು ಲಿಸ್ಬನ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ. ಅಟ್ಲೆಟಿಕೊ ಮ್ಯಾಡ್ರಿಡ್ 1–0 ಮುಂದಿದೆ, ನಿಗದಿತ ಹೊತ್ತು ಮುಗಿದು ಹೆಚ್ಚುವರಿ ನಿಮಿಷಗಳು ಓಡುತ್ತಿವೆ. 93ನೆಯ ನಿಮಿಷದಲ್ಲಿ ಸೆರ್ಜಿಯೊ ರಾಮೋಸ್ ತಲೆಯಿಂದ ಹೊಡೆದ ಗೋಲಿನಿಂದ ಪಂದ್ಯ ಸಮವಾಯಿತು, ಮುಂದಿನ ಅರ್ಧ ಗಂಟೆಯಲ್ಲಿ ರಿಯಲ್ 4–1ರಿಂದ ಗೆದ್ದಿತು. ರಾಮೋಸ್ ಅವರ ಹೆಸರು ಎಲ್ಲರಿಗೂ ನೆನಪಿದೆ. ಆ ಗೋಲಿಗೆ ಮೈದಾನದ ಮೂಲೆಯಿಂದ ಚೆಂಡು (ಕಾರ್ನರ್) ಒದ್ದುಕೊಟ್ಟವರು ಮೋಡ್ರಿಚ್. ಚೆಂಡನ್ನು ಸಾಲುಗೂಡಿದ್ದ ರಕ್ಷಕರ ತಲೆಗಳ ಮೇಲೆ ಹಾಯಿಸಿ, ರಾಮೋಸ್ ಓಡಿ ಬಂದು ಮೇಲೆ ನೆಗೆಯುವ ಜಾಗಕ್ಕೇ ಇಳಿಸಿದ್ದರು. ಮಿಡ್‌ಫೀಲ್ಡರ್‌ನ ಕೆಲಸ ಎಂದರೆ ಇದು. ಗೋಲಿನ ಪಟ್ಟಿಯಲ್ಲಿ ಅದು ಇನ್ನೊಬ್ಬರ ಹೆಸರಿಗೆ ಸೇರುತ್ತದೆ.

2018ರ ವಿಶ್ವಕಪ್ಪಿನಲ್ಲಿ ಅವರ ನಾಯಕತ್ವದಲ್ಲಿ ಕ್ರೊವೇಷ್ಯಾ ಡೆನ್ಮಾರ್ಕ್, ರಷ್ಯಾ, ಇಂಗ್ಲೆಂಡ್ ವಿರುದ್ಧದ ಮೂರೂ ಪಂದ್ಯಗಳನ್ನು ಹೆಚ್ಚುವರಿ ಅವಧಿಗೆ ಒಯ್ದು ಗೆದ್ದು ಫೈನಲ್ ತಲುಪಿತು, ಅಲ್ಲಿ ಫ್ರಾನ್ಸ್‌ಗೆ 4–2ರಿಂದ ಸೋತಿತು. 2021ರ ಗಣತಿಯಲ್ಲಿ ಆ ದೇಶದ ಜನಸಂಖ್ಯೆ 39 ಲಕ್ಷದೊಳಗೇ ಇದ್ದರೆ, 2011ರ ಗಣತಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೊಂದರದೇ ಸುಮಾರು 47.8 ಲಕ್ಷ. ಪ್ರತಿಭೆ ಎಲ್ಲೆಡೆ ಹುಟ್ಟುತ್ತದೆ. ಬಾಶಿಚ್ ಅವರಂಥ ತರಬೇತುದಾರರು ಎಲ್ಲೆಡೆ ಇರುವುದಿಲ್ಲ ಎಂಬುದೇ ನನ್ನ ಚಿಂತೆ.

ಇನ್ನು ‘ಎರಡು ವರ್ಷ ಬಿಟ್ಟು ಬಾ’ ಎಂಬ ಮಾತು. ಹದಿಮೂರರಿಂದ ಹದಿನೈದರ ನಡುವೆ ಗಂಡುಮಕ್ಕಳ ಮೈ ಬೆಳೆಯುವ ವೇಗ ಒಬ್ಬೊಬ್ಬರದು ಒಂದೊಂದು ಬಗೆ. ಅದರ ಮೇಲೆ ವಯೋಮಿತಿಯನ್ನು ಸಾಮಾನ್ಯವಾಗಿ ಜನವರಿ 1ರಿಂದ ಲೆಕ್ಕ ಹಾಕುವುದರಿಂದ, ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗ ತನಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನೊಡನೆ ಒಂದೇ ಗುಂಪಿನಲ್ಲಿ ಸೆಣಸಬೇಕಾಗುತ್ತದೆ. ಆಯ್ಕೆಗಾರರ ಕಣ್ಣು ಮೊದಲು ಬೀಳುವುದು ಎತ್ತರದವರ ಮೇಲೆ. ಜಗತ್ತಿನ ದೊಡ್ಡ ದೊಡ್ಡ ಅಕಾಡೆಮಿಗಳ ಪಟ್ಟಿಗಳಲ್ಲಿಯೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಕಾಣುವುದನ್ನು ಸಂಶೋಧಕರು ಹಲವು ದೇಶಗಳಲ್ಲಿ ಗುರುತಿಸಿದ್ದಾರೆ. ಆದ್ದರಿಂದ ನಿಮ್ಮ ಮಗನನ್ನು ಕೈಬಿಟ್ಟದ್ದು ಅವನ ಆಟದ ಕುರಿತ ತೀರ್ಪೆಂದು ತಿಳಿಯಬೇಡಿ. ಈ ಎರಡು ವರ್ಷಗಳಲ್ಲಿ ಅವನು ತನಗಿಂತ ದೊಡ್ಡವರೊಡನೆ ಚಿಕ್ಕ ಅಂಗಳದಲ್ಲಿ ಆಡಲಿ, ಎಡಗಾಲನ್ನೂ ಬಲಗಾಲಿನಷ್ಟೇ ಪಳಗಿಸಲಿ. ಮೈ ಬೆಳೆಸುವ ಪುಡಿಗಳನ್ನು ಯಾರೇ ಹೇಳಿದರೂ ಕೊಡಬೇಡಿ. ಜೋಳದ ರೊಟ್ಟಿ, ಬೇಳೆ, ಹಾಲು, ಮೊಟ್ಟೆ, ಒಂಬತ್ತು ತಾಸಿನ ನಿದ್ದೆ ಸಾಕು. ಜನ್ಮದಿನಾಂಕ ತಿದ್ದಿಸಿ ಚಿಕ್ಕ ಗುಂಪಿಗೆ ಸೇರಿಸುವ ಸಲಹೆಯೂ ನಿಮಗೆ ಬಂದೇ ಬರುತ್ತದೆ. ಅದನ್ನು ಖಂಡಿತ ಒಪ್ಪಬೇಡಿ. ರಾಷ್ಟ್ರಮಟ್ಟದ ಕಿರಿಯರ ಲೀಗ್‌ಗಳಲ್ಲಿ ಮೂಳೆಯ ವಯಸ್ಸನ್ನೇ ಪರೀಕ್ಷಿಸುತ್ತಾರೆ. ಸಿಕ್ಕಿಬಿದ್ದರೆ ಹುಡುಗನ ಹೆಸರಿಗೆ ಅಂಟಿದ ಕಳಂಕ ಹೋಗುವುದಿಲ್ಲ.

ಪ್ರಶ್ನೆ: ನಮ್ಮ ಕೋಚ್ ಸರ್ ‘ಚೆಂಡು ಬರೋದಕ್ಕಿಂತ ಮೊದಲೇ ನೋಡು’ ಎಂದು ಬೈಯುತ್ತಾರೆ. ಸುತ್ತ ನೋಡಲು ಹೋದರೆ ಚೆಂಡು ತಪ್ಪುತ್ತದೆ, ಚೆಂಡನ್ನೇ ನೋಡಿದರೆ ಹಿಂದಿನಿಂದ ಬಂದವರು ಕಿತ್ತುಕೊಂಡು ಹೋಗುತ್ತಾರೆ. ಏನು ಮಾಡಲಿ?
(ಪಿಯು ವಿದ್ಯಾರ್ಥಿ, ಕ್ಯಾಂಪ್, ಬೆಳಗಾವಿ)

ಉತ್ತರ: ತಮ್ಮಾ, ನಿನ್ನ ಕೋಚ್ ಹೇಳುತ್ತಿರುವುದು ಈ ಸ್ಥಾನದ ಜೀವಾಳ. ಪಕ್ಕದ ಗೆರೆಗುಂಟ ಆಡುವವನಿಗೆ ಒಂದು ಮಗ್ಗುಲಲ್ಲಿ ಗೆರೆಯೇ ಕಾವಲು. ಆ ಕಡೆಯಿಂದ ಯಾರೂ ಬರಲಾರರು. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದ ನಡುವೆ ನಿಂತವನಿಗೆ ಎದುರಾಳಿ ಯಾವ ದಿಕ್ಕಿನಿಂದಲಾದರೂ ಬರಬಹುದು. ಹೀಗಾಗಿ ಅವನು ನೋಡುವುದಕ್ಕೆ ಹೊತ್ತನ್ನು ಹುಡುಕಿಕೊಳ್ಳಬೇಕು. ಆ ಹೊತ್ತು ಎಲ್ಲಿದೆ ಎಂಬುದನ್ನು ತಿಳಿದರೆ ನಿನ್ನ ಗೊಂದಲ ಬಗೆಹರಿಯುತ್ತದೆ.

ನಿನ್ನ ಜೊತೆಗಾರ ಚೆಂಡನ್ನು ಒದೆಯುವ ಕ್ಷಣದಲ್ಲಿ ನಿನ್ನ ಕಣ್ಣು ಚೆಂಡಿನ ಮೇಲಿರಲಿ, ಏಕೆಂದರೆ ಅದರ ದಿಕ್ಕು ಮತ್ತು ವೇಗ ತೀರ್ಮಾನವಾಗುವುದು ಆಗಲೇ. ಅವನ ಕಾಲು ಬಿಟ್ಟ ಮೇಲೆ ಚೆಂಡು ನಿನ್ನತ್ತ ಉರುಳಿ ಬರುವ ಒಂದೆರಡು ಸೆಕೆಂಡುಗಳಲ್ಲಿ ಅದು ತನ್ನ ದಾರಿ ಬದಲಿಸುವುದಿಲ್ಲ. ನೋಡಬೇಕಾದದ್ದು ಆಗ: ಒಮ್ಮೆ ಎಡ ಭುಜದ ಮೇಲಿಂದ, ಒಮ್ಮೆ ಬಲ ಭುಜದ ಮೇಲಿಂದ, ಬರಿಯ ಕತ್ತು ಹೊರಳಿಸಿ. ಕಾಲಿಗೆ ಮುಟ್ಟುವ ಹೊತ್ತಿಗೆ ಕಣ್ಣು ಮತ್ತೆ ಚೆಂಡಿಗೆ ಬಂದಿರಬೇಕು. ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರನ್ನು ಕ್ಯಾಮೆರಾದಲ್ಲಿ ಹತ್ತಿರದಿಂದ ಹಿಡಿದು, ಚೆಂಡು ಬರುವ ಮೊದಲಿನ ಸೆಕೆಂಡುಗಳಲ್ಲಿ ಯಾರು ಎಷ್ಟು ಸಲ ತಲೆ ತಿರುಗಿಸುತ್ತಾರೆ ಎಂಬುದನ್ನು ಎಣಿಸಿದರು. ಹೆಚ್ಚು ಸಲ ನೋಡುವ ಮಿಡ್‌ಫೀಲ್ಡರ್‌ಗಳ ಪಾಸ್‌ಗಳು, ಅದರಲ್ಲಿಯೂ ಮುಂದಕ್ಕೆ ಕೊಡುವ ಪಾಸ್‌ಗಳು, ಹೆಚ್ಚು ಗುರಿ ಮುಟ್ಟುತ್ತಿದ್ದವು. ಆ ಎಣಿಕೆಯಲ್ಲಿ ಎಲ್ಲರಿಗಿಂತ ಮುಂದೆ ಇದ್ದವರಲ್ಲಿ ಫ್ರ್ಯಾಂಕ್ ಲ್ಯಾಂಪಾರ್ಡ್ ಒಬ್ಬರು.

ನೋಡಿದ್ದು ಉಪಯೋಗಕ್ಕೆ ಬರಬೇಕಾದರೆ ಮೈ ನಿಲ್ಲುವ ರೀತಿಯೂ ಸರಿಯಿರಬೇಕು. ಚೆಂಡು ಕೊಡುವವನಿಗೆ ಎದೆಯೊಡ್ಡಿ ನೇರ ನಿಂತರೆ ನಿನಗೆ ಕಾಣುವುದು ನಿನ್ನ ಗೋಲುಪೆಟ್ಟಿಗೆ ಮಾತ್ರ, ಹೋಗಬೇಕಾದ ದಿಕ್ಕೆಲ್ಲ ಬೆನ್ನ ಹಿಂದೆ ಉಳಿಯುತ್ತದೆ. ಅರ್ಧ ಹೊರಳಿ, ಒಂದು ಭುಜ ಅವನ ಕಡೆಗೆ, ಇನ್ನೊಂದು ಭುಜ ಎದುರಾಳಿಯ ಗೋಲಿನ ಕಡೆಗೆ ಇರುವಂತೆ ನಿಲ್ಲು. ಚೆಂಡನ್ನು ಹತ್ತಿರದ ಕಾಲಿನ ಮುಂದೆ ಹಾಯಲು ಬಿಟ್ಟು ದೂರದ ಕಾಲಿನ ಒಳಮೈಯಿಂದ ಹಿಡಿದರೆ, ಹಿಡಿಯುವುದು ಮತ್ತು ತಿರುಗುವುದು ಒಂದೇ ಚಲನೆಯಲ್ಲಿ ಮುಗಿಯುತ್ತದೆ. ಇದನ್ನು ರೂಢಿಸಿಕೊಳ್ಳಲು ಗೆಳೆಯನೊಬ್ಬನನ್ನು ನಿನ್ನ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸು. ಚೆಂಡು ನಿನ್ನತ್ತ ಬರುತ್ತಿರುವಾಗ ಅವನು ಬೆರಳುಗಳನ್ನು ಎತ್ತಿ ತೋರಿಸಲಿ, ಚೆಂಡು ಕಾಲಿಗೆ ಮುಟ್ಟುವ ಮೊದಲು ನೀನು ಎಷ್ಟು ಬೆರಳೆಂದು ಕೂಗಿ ಹೇಳಬೇಕು. ಮೊದಮೊದಲು ಚೆಂಡು ತಪ್ಪಿಹೋಗುತ್ತದೆ, ಹೋಗಲಿ.

ನಿಮ್ಮ ಊರಿಗೆಂದೇ ಇನ್ನೊಂದು ಮಾತು. ಬೆಳಗಾವಿಯ ಆಷಾಢ, ಶ್ರಾವಣದ ಮಳೆಯಲ್ಲಿ ಕೆಂಪು ಕೆಸರಿನ ಮೈದಾನದ ಮೇಲೆ ಉರುಳುವ ಪಾಸ್ ನಡುದಾರಿಯಲ್ಲೇ ನೀರಿನಲ್ಲಿ ಸಿಕ್ಕಿ ನಿಂತುಬಿಡುತ್ತದೆ. ಆ ದಿನಗಳಲ್ಲಿ ಆಟಗಾರರನ್ನು ನೋಡಿದಂತೆಯೇ ನೀರು ನಿಂತ ಜಾಗಗಳನ್ನೂ ಆಟ ಶುರುವಾಗುವ ಮೊದಲೇ ನಡೆದಾಡಿ ನೋಡಿಟ್ಟುಕೊಳ್ಳಬೇಕು, ಅಲ್ಲೆಲ್ಲ ಚೆಂಡನ್ನು ಮೊಣಕಾಲೆತ್ತರಕ್ಕೆ ಎತ್ತಿ ಕೊಡಬೇಕು. ಮಳೆಯಿದೆಯೆಂದು ಅಭ್ಯಾಸ ತಪ್ಪಿಸುವ ಹುಡುಗರು ಒಂದು ಒಳ್ಳೆಯ ಪಾಠವನ್ನೇ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ರಕ್ಷಕರ ಮುಂದೆ ನಿಂತು ಚೆಂಡು ಕಸಿದುಕೊಡುವ ಮಿಡ್‌ಫೀಲ್ಡರ್‌ಗೆ ಹೆಸರೂ ಇಲ್ಲ, ಪ್ರಶಸ್ತಿಯೂ ಇಲ್ಲ. ಆ ಜಾಗದಲ್ಲಿ ಆಡಲು ಮನಸ್ಸಾಗುವುದಿಲ್ಲ.
(ಕಾಲೇಜು ತಂಡದ ಆಟಗಾರ, ಬಾಗಲಕೋಟೆ)

ಉತ್ತರ: ಅದೇ ಜಾಗದಲ್ಲಿ ಆಡುತ್ತಿದ್ದ ಫ್ರಾನ್ಸಿನ ಕ್ಲಾಡ್ ಮೆಕೆಲೆಲೆ ಅವರ ಉದಾಹರಣೆ ಸಾಕು. ರಿಯಲ್ ಮ್ಯಾಡ್ರಿಡ್ 2003ರಲ್ಲಿ ಡೇವಿಡ್ ಬೆಕಮ್ ಅವರನ್ನು ತಂದು, ಸಂಬಳ ಹೆಚ್ಚಿಸಿ ಎಂದು ಕೇಳಿದ ಮೆಕೆಲೆಲೆ ಅವರನ್ನು ಚೆಲ್ಸಿಗೆ ಮಾರಿತು. ಮುಂದಿನ ಲೀಗ್ ಪ್ರಶಸ್ತಿಗೆ ರಿಯಲ್ 2007ರವರೆಗೆ ಕಾಯಬೇಕಾಯಿತು, ಮೆಕೆಲೆಲೆ ಇದ್ದ ಚೆಲ್ಸಿ 2005 ಮತ್ತು 2006ರಲ್ಲಿ ಸತತ ಎರಡು ಸಲ ಇಂಗ್ಲೆಂಡಿನ ಲೀಗ್ ಗೆದ್ದಿತು. ಇಂದಿಗೂ ಆ ಸ್ಥಾನವನ್ನು ‘ಮೆಕೆಲೆಲೆಯ ಜಾಗ’ ಎಂದೇ ಹಲವು ದೇಶಗಳಲ್ಲಿ ಕರೆಯುತ್ತಾರೆ. ಅಲ್ಲದೆ 2024ರ ಬ್ಯಾಲನ್ ಡಿ'ಓರ್ ಪಡೆದ ಸ್ಪೇನಿನ ರೋಡ್ರಿ ಆಡುವುದೂ ಅದೇ ಜಾಗದಲ್ಲಿ. ನಿಮ್ಮ ಕೋಚ್ ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದರೆ ಅದು ನಂಬಿಕೆಯಿಂದಲೇ ಇರಬೇಕು.

ಪ್ರಶ್ನೆ: ಮುಂಚೂಣಿಯ ಆಟಗಾರರು ಮೂವತ್ತು ದಾಟಿದೊಡನೆ ಮಂಕಾಗುತ್ತಾರೆ. ನಡುವೆ ಆಡುವ ಕೆಲವರು ನಲವತ್ತರ ಹತ್ತಿರವೂ ಆಡುತ್ತಿರುವುದು ಹೇಗೆ? ಅವರು ಹೆಚ್ಚು ಓಡಬೇಕಲ್ಲವೇ?
(ನಿವೃತ್ತ ಶಿಕ್ಷಕರು, ಖಾನಾಪುರ)

ಉತ್ತರ: ಗುರುಗಳೇ, ಓಟದ ಒಟ್ಟು ದೂರ ಅವರದೇ ಹೆಚ್ಚು ಎಂಬುದು ನಿಜ, ಒಂದು ಪಂದ್ಯದಲ್ಲಿ ಮಿಡ್‌ಫೀಲ್ಡರ್ ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಆದರೆ ವಯಸ್ಸು ಮೊದಲು ಕಸಿಯುವುದು ಸಿಡಿಲಿನಂಥ ಓಟವನ್ನು. ಎದುರಾಳಿಯನ್ನು ಇಪ್ಪತ್ತು ಮೂವತ್ತು ಮೀಟರ್ ಓಟದಲ್ಲಿ ಹಿಂದೆ ಹಾಕಿ ಬದುಕುವ ಫಾರ್ವರ್ಡ್‌ಗೆ ಅದೇ ಬಂಡವಾಳ. ನಡುವೆ ಆಡುವವನ ಓಟ ಬಹುಪಾಲು ಮಧ್ಯಮ ವೇಗದ್ದು, ಅವನ ಬಂಡವಾಳ ಸಾವಿರಾರು ಪಂದ್ಯಗಳಿಂದ ಕೂಡಿಟ್ಟ ತಿಳಿವಳಿಕೆ. ಅದು ವಯಸ್ಸಿನೊಂದಿಗೆ ಬೆಳೆಯುತ್ತದೆ.

ಇಟಲಿಯ ಆಂಡ್ರಿಯಾ ಪಿರ್ಲೊ ಅವರನ್ನು 32ರ ವಯಸ್ಸಿನಲ್ಲಿ, 2011ರಲ್ಲಿ, ಎಸಿ ಮಿಲಾನ್ ಹಾಗೆಯೇ ಬಿಟ್ಟುಕೊಟ್ಟಿತು. ಒಂದು ಕಾಸೂ ಕೊಡದೆ ಅವರನ್ನು ಪಡೆದ ಯುವೆಂಟಸ್ ಮುಂದಿನ ನಾಲ್ಕೂ ವರ್ಷ ಇಟಲಿಯ ಲೀಗ್ ಗೆದ್ದಿತು. ಮೋಡ್ರಿಚ್ ಅವರದನ್ನೇ ನೋಡುವುದಾದರೆ, 2022ರ ಏಪ್ರಿಲ್‌ನಲ್ಲಿ ಚಾಂಪಿಯನ್ಸ್ ಲೀಗ್‌ನ ಎಂಟರ ಘಟ್ಟದಲ್ಲಿ ಚೆಲ್ಸಿ 3–0 ಮುಂದಾಗಿ ರಿಯಲ್ ಹೊರಬೀಳುವ ಸ್ಥಿತಿಯಲ್ಲಿದ್ದಾಗ, 36ರ ಹರೆಯದ ಅವರು ಬಲಗಾಲಿನ ಹೊರ ಅಂಚಿನಿಂದ ಬಾಗಿಸಿ ಕೊಟ್ಟ ಉದ್ದನೆಯ ಪಾಸ್ ರಕ್ಷಕರೆಲ್ಲರನ್ನೂ ದಾಟಿ ರೋಡ್ರಿಗೊ ಅವರ ಕಾಲಿಗೇ ಇಳಿಯಿತು. ಆ ಗೋಲಿನಿಂದ ರಿಯಲ್ ಉಳಿಯಿತು, ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. ಆ ಪಾಸ್‌ಗೆ ಬೇಕಾದದ್ದು ಓಟವಲ್ಲವೇ ಅಲ್ಲ. ರೋಡ್ರಿಗೊ ಎಲ್ಲಿಗೆ ಓಡಿ ಬರುತ್ತಾರೆಂಬ ಎಣಿಕೆ. ಆದರೂ ದೇಹವನ್ನು ಕಾಯದೆ ಇದು ನಡೆಯುವುದಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಬದಲಿ ಆಟಗಾರನಾಗಿ ಇಳಿಯುವುದನ್ನು ಮರ್ಯಾದೆಗೆ ಕುಂದೆಂದು ಭಾವಿಸಲಿಲ್ಲ. 2025ರ ಬೇಸಿಗೆಯಲ್ಲಿ ರಿಯಲ್ ಬಿಟ್ಟು ಎಸಿ ಮಿಲಾನ್ ಸೇರಿ, ಅಲ್ಲಿ ಆಡುತ್ತಲೇ ಸೆಪ್ಟೆಂಬರ್‌ನಲ್ಲಿ ನಲವತ್ತು ತುಂಬಿಸಿದರು.

ಪ್ರಶ್ನೆ: ನಾವು ಒಕ್ಕಲುತನದವರು. ಮಗನಿಗೆ ಹದಿನೇಳು, ಮಿಡ್‌ಫೀಲ್ಡರ್ ಆಗಿ ಒಳ್ಳೆಯ ಹೆಸರಿದೆ. ಗೋವೆಯ ಕ್ಲಬ್ಬಿಗೆ ಸೇರಿಸುತ್ತೇನೆ, ಖರ್ಚಿಗೆ ಹಣ ಕೊಡಿ ಎಂದು ಒಬ್ಬರು ಬೆನ್ನು ಹತ್ತಿದ್ದಾರೆ. ಪಿಯುಸಿ ಬಿಡಿಸಿ ಕಳುಹಿಸಬೇಕೇ? ಈ ಆಟದಿಂದ ಬದುಕು ನಡೆಯುತ್ತದೆಯೇ?
(ಒಬ್ಬ ತಂದೆ, ಬೈಲಹೊಂಗಲ)

ಉತ್ತರ: ಮೊದಲು ಹಣದ ಮಾತು, ಏಕೆಂದರೆ ಅದಕ್ಕೆ ಕಾಯುವಂತಿಲ್ಲ. ಆ ವ್ಯಕ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕ್ಲಬ್ಬಿಗೆ ಆಟಗಾರ ಬೇಕಾಗಿದ್ದರೆ ಕ್ಲಬ್ಬೇ ಕರೆಯುತ್ತದೆ, ಆಯ್ಕೆ ಶಿಬಿರಗಳ ಪ್ರಕಟಣೆಯನ್ನು ತಾನೇ ಹೊರಡಿಸುತ್ತದೆ. ಚೋರ್ಲಾ ಘಾಟ್ ಇಳಿದರೆ ಕೆಲವೇ ತಾಸುಗಳಲ್ಲಿ ಗೋವೆ ತಲುಪಬಹುದು. ನೀವೇ ಮಗನೊಡನೆ ಹೋಗಿ ಕ್ಲಬ್ಬಿನ ಕಚೇರಿಯಲ್ಲಿ ವಿಚಾರಿಸಿ ಬನ್ನಿ. ಆಟಗಾರನ ನೋಂದಣಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೇಂದ್ರೀಕೃತ ವ್ಯವಸ್ಥೆಯಲ್ಲಿ ಆಗುತ್ತದೆ, ಅದರಲ್ಲಿ ಮಧ್ಯವರ್ತಿಯ ಕೈಗೆ ನಗದು ಕೊಡುವ ಪ್ರಸಂಗವೇ ಇಲ್ಲ. ಹದಿನೆಂಟು ತುಂಬದವರೊಡನೆ ಮೂರು ವರ್ಷ ಮೀರಿದ ಒಪ್ಪಂದ ಮಾಡಿಕೊಳ್ಳುವಂತಿಲ್ಲ ಎಂಬುದು ಫಿಫಾದ ನಿಯಮ. ಯಾವ ಕಾಗದವನ್ನೂ ಓದಿಸಿ ತಿಳಿಯದೆ ರುಜು ಹಾಕಬೇಡಿ.

ಪಿಯುಸಿ ಬಿಡಿಸಬೇಡಿ ಎಂದೇ ನನ್ನ ಸಲಹೆ. ನಮ್ಮ ದೇಶದಲ್ಲಿ ಈ ವೃತ್ತಿಯ ನೆಲ ಇನ್ನೂ ಗಟ್ಟಿಯಾಗಿಲ್ಲ. 2025ರಲ್ಲಿ ವಾಣಿಜ್ಯ ಒಪ್ಪಂದದ ಕಗ್ಗಂಟಿನಿಂದ ಇಂಡಿಯನ್ ಸೂಪರ್ ಲೀಗ್ ಹೊತ್ತಿಗೆ ಸರಿಯಾಗಿ ಶುರುವಾಗದೆ, ದೇಶದ ಮೊದಲ ದರ್ಜೆಯ ಕೆಲವು ಕ್ಲಬ್ಬುಗಳೇ ಆಟಗಾರರ ಸಂಬಳ ತಡೆಹಿಡಿದಿದ್ದವು. ಹಾಗೆಂದು ದಾರಿಯೇ ಇಲ್ಲವೆಂದು ತಿಳಿಯಬಾರದು. ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳು ಕ್ರೀಡಾ ಕೋಟಾದಲ್ಲಿ ಫುಟ್‌ಬಾಲ್ ಆಟಗಾರರನ್ನು ತೆಗೆದುಕೊಳ್ಳುತ್ತ ಬಂದಿವೆ. ಅದಕ್ಕೂ ಓದು ಬೇಕು. ಬೆಂಗಳೂರಿನ ಲೀಗ್‌ಗಳಲ್ಲಿ ಆಡಿ ಕಣ್ಣಿಗೆ ಬಿದ್ದವರಿಗೆ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯಲ್ಲಿ ಆಡುವ ರಾಜ್ಯ ತಂಡದ ಬಾಗಿಲು ತೆರೆಯುತ್ತದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, ಮೈಸೂರು ರಾಜ್ಯದ ಕಾಲದ ಗೆಲುವಿನ 54 ವರ್ಷಗಳ ನಂತರ ಆ ಟ್ರೋಫಿಯನ್ನು ಕರ್ನಾಟಕ ಮರಳಿ ಪಡೆದದ್ದು ನಿಮಗೆ ನೆನಪಿರಬಹುದು.

ಮಗನಿಗೆ ಕಾರ್ಲ್ಟನ್ ಚಾಪ್‌ಮನ್ ಅವರ ಬಗ್ಗೆ ಹೇಳಿ. ಬೆಂಗಳೂರಿನ ಹುಡುಗ, ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯಾ ಮಟ್ಟದ ಪಂದ್ಯದಲ್ಲಿ ಇರಾಕಿನ ಅಲ್ ಝವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಮಣಿಸಿದಾಗ ಮಿಡ್‌ಫೀಲ್ಡರ್ ಆದ ಅವರೇ ಮೂರು ಗೋಲು ಹೊಡೆದಿದ್ದರು. ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗನ್ನು ಜೆಸಿಟಿ ತಂಡದಲ್ಲಿ ಗೆದ್ದರು, ಈಸ್ಟ್ ಬೆಂಗಾಲ್‌ಗೆ ಮರಳಿ ನಾಯಕನಾಗಿ 2001ರಲ್ಲಿ ಅದನ್ನೇ ಮತ್ತೆ ಗೆದ್ದರು, ಭಾರತ ತಂಡವನ್ನೂ ಮುನ್ನಡೆಸಿದರು. ಅದೇ ವರ್ಷ, ಮೂವತ್ತರ ವಯಸ್ಸಿನಲ್ಲಿ, ವೃತ್ತಿಪರ ಆಟದಿಂದ ನಿವೃತ್ತರಾಗಿ ತರಬೇತಿಯ ಕೆಲಸಕ್ಕೆ ಇಳಿದರು. 2020ರ ಅಕ್ಟೋಬರ್‌ನಲ್ಲಿ 49ರ ವಯಸ್ಸಿಗೇ ತೀರಿಕೊಂಡರು. ಇಷ್ಟು ದೊಡ್ಡ ಆಟಗಾರನ ಆಟದ ಬದುಕೂ ಹತ್ತು ವರ್ಷದೊಳಗೆ ಮುಗಿಯಿತು. ನಿಮ್ಮ ಮಗ ಆಡಲೇಬೇಕು. ಮೂವತ್ತರ ನಂತರದ ಮೂವತ್ತು ವರ್ಷಗಳ ಸಿದ್ಧತೆಯೂ ಅದರ ಜೊತೆಗೇ ನಡೆಯಲಿ.

ಪ್ರಶ್ನೆ: ನಾನು ಒಂಬತ್ತನೆಯ ತರಗತಿ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಕೊಕ್ಕೊ, ಥ್ರೋಬಾಲ್ ಮಾತ್ರ ಇದೆ. ನನಗೆ ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡರ್ ಆಗಬೇಕೆಂದು ಆಸೆ. ಹುಡುಗಿಯರಿಗೆ ಇದರಲ್ಲಿ ಮುಂದುವರಿಯಲು ಆಗುತ್ತದೆಯೇ?
(ವಿದ್ಯಾರ್ಥಿನಿ, ಗೋಕಾಕ)

ಉತ್ತರ: ತಂಗಿ, ಖಂಡಿತ ಆಗುತ್ತದೆ. ಮಹಿಳೆಯರ ಬ್ಯಾಲನ್ ಡಿ'ಓರ್ 2021ರಿಂದ 2025ರವರೆಗೆ ಐದೂ ವರ್ಷ ಮಿಡ್‌ಫೀಲ್ಡರ್‌ಗಳಿಗೇ ಹೋಗಿದೆ: ಮೊದಲ ಎರಡು ವರ್ಷ ಅಲೆಕ್ಸಿಯಾ ಪುತೆಯಾಸ್, ಆಮೇಲಿನ ಮೂರು ವರ್ಷ ಐತಾನಾ ಬೊನ್ಮತಿ, ಇಬ್ಬರೂ ಬಾರ್ಸಿಲೋನಾ ಕ್ಲಬ್ಬಿನವರು. ನಮ್ಮ ದೇಶದ ಮಾತು ಹೇಳುವುದಾದರೆ, 2025ರ ಜುಲೈ 5ರಂದು ಭಾರತದ ಮಹಿಳೆಯರು ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದಾಗ, ಎರಡೂ ಗೋಲು ಹೊಡೆದವರು ಮಿಡ್‌ಫೀಲ್ಡರ್ ಸಂಗೀತಾ ಬಸ್ಫೋರ್. ಅವರು ಪಶ್ಚಿಮ ಬಂಗಾಳದ ಕಲ್ಯಾಣಿಯವರು, ಸಶಸ್ತ್ರ ಸೀಮಾ ಬಲದಲ್ಲಿ ನೌಕರಿಯಲ್ಲಿದ್ದುಕೊಂಡೇ ಆಡುತ್ತಾರೆ. ಮೊಣಕಾಲಿನ ಕಠಿಣ ಗಾಯದಿಂದ ಚೇತರಿಸಿಕೊಂಡು ಮರಳಿದವರು.

ನಿನ್ನ ಶಾಲೆಯಲ್ಲಿ ತಂಡವಿಲ್ಲದಿದ್ದರೆ ನಿನ್ನ ದೈಹಿಕ ಶಿಕ್ಷಕರ ಬಳಿ ಆಸಕ್ತ ಗೆಳತಿಯರನ್ನು ಕರೆದುಕೊಂಡು ಹೋಗಿ ಕೇಳು. ಒಬ್ಬಳೇ ಕೇಳಿದರೆ ಅದು ಆಸೆಯಾಗಿ ಉಳಿಯುತ್ತದೆ, ಹದಿನಾಲ್ಕು ಮಂದಿ ಕೇಳಿದರೆ ತಂಡದ ಪಟ್ಟಿಯಾಗುತ್ತದೆ. ಸುಬ್ರತೊ ಕಪ್ ಶಾಲಾ ಟೂರ್ನಿಯಲ್ಲಿ ಹದಿನೇಳರೊಳಗಿನ ಬಾಲಕಿಯರ ವಿಭಾಗವಿದೆ. ನೀನು ಒಂಬತ್ತನೆಯ ತರಗತಿಯಲ್ಲಿರುವುದರಿಂದ ನಿನಗೆ ಇನ್ನೂ ಕಾಲಾವಕಾಶವಿದೆ. ಅಲ್ಲಿಯವರೆಗೆ ಮನೆಯ ಗೋಡೆಗೆ ಚೆಂಡು ಒದ್ದು, ಮರಳಿ ಬರುವಷ್ಟರಲ್ಲಿ ಎರಡೂ ಭುಜದ ಮೇಲಿಂದ ಒಮ್ಮೊಮ್ಮೆ ಹಿಂದೆ ನೋಡಿ, ದೂರದ ಕಾಲಿನಿಂದ ಹಿಡಿಯುವುದನ್ನು ಅಭ್ಯಾಸ ಮಾಡು. ಶಿಕ್ಷಕರು ಏನು ಹೇಳಿದರೆಂದು ನಮಗೂ ಬರೆದು ತಿಳಿಸು. ಅಗತ್ಯವಿದ್ದರೆ ಅವರಿಗೆ ನಾವೂ ಒಂದು ಪತ್ರ ಬರೆಯುತ್ತೇವೆ.